ನೀರು ಹೊಡೆದ ಮೆಣಸಿನಕಾಯಿಯೊಡನೆ ಸುರಪುರಕ್ಕೆ

ಎಣ್ಣೆ ಬಂತು! ನನ್ನ ಮೊಮ್ಮಗಳು ಭಾಗ್ಯ ಕಟ್ಟಿದ ಮಷಿನ್‌ನಿಂದ, ನನ್ನ ಹೊಲದ ಮೆಣಸಿನಕಾಯಿಯ ಎಣ್ಣೆ ಬಂತು! ಕುಂಕುಮ ಕಲಸಿದಂಥ ಕೆಂಪು. ಈ ಸುದ್ದಿ ಹೇಳದೆ ಮುಂದಿನ ಮಾತೇ ಬಾಯಿಗೆ ಬರುವುದಿಲ್ಲ. ಈಗ ಹೋದ ದಾರಿ ಹೇಳುತ್ತೇನೆ.

ಶಿವರಾತ್ರಿ ಆಗಿ ಬಿಸಿಲು ಏರಿತ್ತು. "ಮೊದಲ ಎಣ್ಣಿ ನಿನ್ನ ಹೊಲದ ಕಾಯಿದೇ ಆಗಬೇಕು ಆಯಿ" ಎಂದು ಭಾಗ್ಯ ಫೋನಿನಲ್ಲಿ ಹಟ ಹಿಡಿದಿದ್ದಳು. ಒಂದು ಚೀಲ ಕಾಯಿ ಕಟ್ಟಿಕೊಂಡು ನಮ್ಮೂರು ಬಳಿಚಕ್ರದಿಂದ ಮುಂಜಾನೆ ಹೊರಟೆ. ಯಾದಗಿರಿಯಲ್ಲಿ ಶಹಾಪುರದ ಬಸ್ ಹತ್ತಿ ಆಧಾರ್ ಕಾರ್ಡ್ ತೋರಿಸಿದೆ.

"ನಿಮಗ ಫ್ರೀ ಐತ್ರಿ ಯಮ್ಮಾ. ಚೀಲಕ್ಕ ಟಿಕೆಟ್ ತಗೋರಿ" ಎಂದ ಕಂಡಕ್ಟರ್.

"ಅದೂ ಹೆಣ್ಣಮಗಳೇ ಐತಪಾ, ನಾನೇ ಸಾಕೀನಿ."

ಅವನು ನಕ್ಕ. ನಕ್ಕರೂ ಲಗೇಜ್ ಟಿಕೆಟ್ ಹರಿದೇ ಕೊಟ್ಟ.

ಭೀಮಾ ಸೇತುವೆ ಮೇಲೆ ಗಾಳಿ ಬೀಸಿ, ಘಾಟಿಗೆ ಹಿಂದಿನ ಸೀಟಿನವರೆಲ್ಲ ಸೀನಿದರು. "ಯಾರದ್ರೀ ಈ ಚೀಲಾ?" ಎಂದು ಒಬ್ಬರು ಕೂಗಿದರು. ನಾನು ಹೊಳೆ ಕಡೆ ಮುಖ ತಿರುಗಿಸಿದೆ.

ಶಹಾಪುರದಲ್ಲಿ ಮಂಡಕ್ಕಿಯ ಸೂಸಲಾ ತಿಂದು, ಚಹಾ ಕುಡಿದು ಸುರಪುರದ ಬಸ್ ಹಿಡಿದೆ. ಅಲ್ಲಿಂದ ಮುಂದೆ ಕಾಲುವೆ ಸೀಮೆ. ನಾವು ಮುಗಿಲು ನೋಡಿ ಬಿತ್ತುವವರು. ಇಲ್ಲಿ ರಸ್ತೆ ಪಕ್ಕದಲ್ಲೇ ನೀರು, ಅದರಾಚೆ ಹಸಿರು ಗದ್ದೆ. ಎಷ್ಟು ಸಲ ನೋಡಿದರೂ ನನಗೆ ಅದು ಹೊಸದೇ.

ಸುರಪುರದಲ್ಲಿ ನನ್ನ ಮಗಳು, ಭಾಗ್ಯಳ ತಾಯಿ ಶಾಂತಾಳ ಮನೆ. ಹಿತ್ತಲ ಶೆಡ್ಡಿನಲ್ಲಿ ಮಷಿನ್ ನಿಂತಿತ್ತು: ಎರಡು ದಪ್ಪ ಉಕ್ಕಿನ ಕೊಳವೆ, ಪಕ್ಕಕ್ಕೆ ಗ್ಯಾಸಿನ ಸಿಲಿಂಡರ್.

"ಸೋಡಾದಾಗ ಇರತೈತಲ್ಲ, ಅದೇ ಗ್ಯಾಸ್ ಆಯಿ" ಎಂದಳು ಭಾಗ್ಯ. "ಜೋರ್ ಒತ್ತಿ ಖಾರದ ಪುಡಿಯಾಗ ಹಾಯಿಸ್ತೀವಿ. ಎಣ್ಣಿ ಎತ್ಗೊಂಡ ಬರತೈತಿ. ಒತ್ತೋದು ಬಿಟ್ರ ಗ್ಯಾಸ್ ಹಾರಿ ಹೋಗತೈತಿ, ಎಣ್ಣಿ ಉಳಿತೈತಿ. ಬೆಂಕಿ ಬ್ಯಾಡ."

ಇಂಥ ಮಷಿನ್ ದೊಡ್ಡ ಕಾರ್ಖಾನೆಗಳಲ್ಲಿ ಮಾತ್ರ ಇರುತ್ತದಂತೆ. ಇವಳದು ನಮ್ಮಂಥ ಸಣ್ಣ ಬೆಳೆಗಾರರ ಕೈಗೆ ನಿಲುಕುವಂಥದ್ದು. ಮಧ್ಯಾಹ್ನ ಬೆಳೆಗಾರರ ಸಂಘದವರು ನೋಡಲು ಬರುವವರಿದ್ದರು. ಎಣ್ಣೆ ಬಂದರೆ ಮಷಿನ್ ಇಲ್ಲೇ ಉಳಿಯುತ್ತದೆ. ಬರದಿದ್ದರೆ ಮರುದಿನ ಲಾರಿ ಬಂದು, ಭಾಗ್ಯ ಅದನ್ನು ಕಟ್ಟಿದ ಕಾಲೇಜಿಗೆ ವಾಪಸ್ ಒಯ್ಯುತ್ತದೆ.

ಭಾಗ್ಯ ಚೀಲದೊಳಗೆ ಕೈ ಹಾಕಿದಳು. ಮುಖ ಸಣ್ಣದಾಯಿತು. "ಆಯಿ, ನೀರ ಹೊಡದೀಯೇನ?"

"ಹೊಡೀಲಾರದ ಹೆಂಗ ತುಂಬಲಿ?" ಎಂದೆ. ಚೀಲಕ್ಕೆ ತುಳಿದು ತುಂಬುವ ಮುಂಚೆ ನೀರು ಚಿಮುಕಿಸದಿದ್ದರೆ ಕಾಯಿ ಒಡೆದು ಪುಡಿಯಾಗುತ್ತವೆ. ಮೊಮ್ಮಗಳಿಗೆಂದು ಒಂದು ತಂಬಿಗೆ ಹೆಚ್ಚೇ ಹೊಡೆದಿದ್ದೆ.

"ನೀರಿದ್ರ, ಗ್ಯಾಸ್ ಹಾರೂವಾಗಿನ ಥಂಡಿಗೆ ಪೈಪಿನಾಗ ಹಿಮಗಡ್ಡಿ ಕಟ್ಟತೈತಿ ಆಯಿ..." ಎಂದು ಅಲ್ಲೇ ಕುಳಿತುಬಿಟ್ಟಳು.

ಮನೆ ಹಿಂದೆ ಗುಡ್ಡದ ಹಾಸುಬಂಡೆ ಕಾದ ಹಂಚಿನಂತಿತ್ತು. "ಏಳ, ಬಿಸಿಲು ಇನ್ನಾ ಐತಿ" ಎಂದು ಅವಳನ್ನು ಎಬ್ಬಿಸಿದೆ. ಇಬ್ಬರೂ ಚೀಲ ಎಳೆದುಕೊಂಡು ಹೋಗಿ, ಕಾಯಿ ಮುರಿದು ಬಂಡೆ ಮೇಲೆ ಹರವಿದೆವು. ಅಷ್ಟರಲ್ಲೇ ಸಂಘದವರು ಬಂದರು.

"ಇದೇನ್ರಿ ಯಮ್ಮಾ, ಎಣ್ಣಿ ನೋಡಾಕ ಬಂದ್ರ ಖಾರ ಒಣಗ್ಸಾಕತ್ತೀರಿ?" ಎಂದ ಹಿರಿಯ ಮಲ್ಲಣ್ಣ.

"ತಪ್ಪ ನಂದರೀ ಯಪ್ಪಾ. ನೀರ ಹೊಡದ ತಂದೀನಿ. ಮಷಿನ್‌ಗೆ ಆಗಂಗಿಲ್ಲಂತ."

ಮಲ್ಲಣ್ಣ ಜೊತೆಯವರ ಮುಖ ನೋಡಿದ. ಎಲ್ಲರೂ ಹೋ ಎಂದು ನಕ್ಕರು. "ನಾವೂ ಹೊಡದೇ ತರ್ತಿದ್ವಿ! ಆಮ್ಯಾಲ ಮಷಿನ್ ಸರಿ ಇಲ್ಲಂತ ಈ ಹುಡುಗೀನ್ನ ಬೈತಿದ್ವಿ" ಎನ್ನುತ್ತ ಧೋತರ ಮೇಲೆ ಕಟ್ಟಿ, ನನ್ನ ಪಕ್ಕದಲ್ಲೇ ಕುಳಿತು ಕಾಯಿ ತಿರುವಿದ.

ಹೊತ್ತು ವಾಲುವಾಗ ಹಿಡಿದರೆ ಕಾಯಿ ಪುಡಿಪುಡಿಯಾದವು. ಕುಟ್ಟಿ, ಕೊಳವೆಗೆ ತುಂಬಿ, ಭಾಗ್ಯ ಮಷಿನ್ ಹಚ್ಚಿದಳು. ಬಹಳ ಹೊತ್ತು ಗುರ್ ಎಂಬ ಸದ್ದು ಬಿಟ್ಟರೆ ಏನಿಲ್ಲ. ಆಮೇಲೆ ಒಂದು ಹನಿ. ಮತ್ತೊಂದು.

"ಲಾರಿ ಬ್ಯಾಡಂತ ಫೋನ್ ಹಚ್ಚವ್ವ" ಎಂದ ಮಲ್ಲಣ್ಣ. ಭಾಗ್ಯ ಖಾರದ ಕೈಯಲ್ಲೇ ನನ್ನ ಗಲ್ಲ ಹಿಡಿದಳು. ಉರಿಯಿತು. ಉರಿಯಲಿ ಬಿಡು ಎಂದೆ.

ಸಂಜೆ ಶಾಂತಾ, ಅಳಿಯ, ಭಾಗ್ಯ, ನಾನು ಒಟ್ಟಿಗೆ ಊಟಕ್ಕೆ ಕುಳಿತೆವು. ಬಿಸಿ ಜೋಳದ ರೊಟ್ಟಿ, ತೊಗರಿ ಬೇಳೆ. ಗಡಿಗೆ ಬೇಳೆಗೆ ಆ ಎಣ್ಣೆಯ ಒಂದೇ ಹನಿ. ಮೊದಲ ತುತ್ತಿಗೇ ಅಳಿಯನ ಕಣ್ಣು ಕೆಂಪಾದವು. "ಅತ್ತೀ, ನೀರು!" ಎಂದ. ನಾನು ತಂಬಿಗೆಗೆ ಕೈ ಚಾಚಿದೆ.

"ಆಯಿ ಕೈಯಾಗ ನೀರ ಕೊಡಬ್ಯಾಡ್ರಿ!" ಎಂದು ಭಾಗ್ಯ ಕೂಗಿದಳು.

ಎಲ್ಲರೂ ನಗುತ್ತಿದ್ದಂತೆ, ನಾನು ಒಬ್ಬೊಬ್ಬರ ಲೋಟಕ್ಕೂ ತುಂಬಾ ನೀರು ಬಗ್ಗಿಸಿದೆ.