ಎಲೆ ಅಡಿಕೆ ಹಾಕಿಕೊಂಡ ಬಂದೂಕು

ಖರ್ಚು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಈ ಸುದ್ದಿ ತೆಗೆದಾಗಲೆಲ್ಲ ಮಂದಿ ಮೊದಲು ಕೇಳುವುದು ಅದನ್ನೇ. ಮಾವನವರ ಬಂದೂಕಿನ ಮರದ ಹಿಡಿಯನ್ನು ಕೆರೆದು, ಬಣ್ಣ ಕಟ್ಟಿ, ಎಣ್ಣೆ ಕುಡಿಸಲು ನನಗೆ ಹತ್ತಿದ್ದು ಮೂರು ರೂಪಾಯಿ ಚಿಲ್ಲರೆ, ಒಂದು ಹಳೆಯ ಧೋತರ ಮತ್ತು ನನ್ನ ಬಲ ರಟ್ಟೆ. ರಟ್ಟೆಯ ಬೆಲೆಯನ್ನು ಅಂದು ಹಿಡಿದಿರಲಿಲ್ಲ. ಚಳಿಗಾಲ ಬಂದರೆ ಅದು ಇಂದಿಗೂ ಬಡ್ಡಿ ಕೇಳುತ್ತದೆ.

ಹುಬ್ಬಳ್ಳಿಯಲ್ಲಿ ಬಂದೂಕು ದುರಸ್ತಿ ಮಾಡುವವನೊಬ್ಬ ಅದೇ ಕೆಲಸಕ್ಕೆ ಮೂವತ್ತು ಹೇಳಿದ್ದ. ನಾನು ಇಪ್ಪತ್ತೆರಡಕ್ಕೆ ಇಳಿಸಿದ್ದೆ, ಇನ್ನೂ ಇಳಿಯುತ್ತಿದ್ದ. ಆ ದುಡ್ಡನ್ನು ಮಾವನವರೇ ಕೊಡುತ್ತಿದ್ದರು, ಅದರಲ್ಲಿ ಸಂಶಯವಿಲ್ಲ. ಆದರೆ ಅಂಗಡಿಯಲ್ಲಿ ಮಾಡಿಸಿದ್ದರೆ ಅವರು ಅಂಗಡಿಗೆ ಬಂದು ಒಯ್ಯುತ್ತಿದ್ದರು, ನಮ್ಮ ಮನೆಗೆ ಬರುತ್ತಿರಲಿಲ್ಲ. ಮನೆಯಲ್ಲಿ ಮಾಡಿದ್ದರ ಕಾರಣ ಅಷ್ಟೇ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ನಾನು ಕಾಳುಕಡಿಯ ದಲಾಲಿ. ಚೀಲ ಹೊಲಿಯುವುದರಿಂದ ಶುರು ಮಾಡಿ ಅಲ್ಲಿಯವರೆಗೆ ಏರಿದ್ದೆ. ಹೆಸರುಕಾಳನ್ನು ಅಂಗೈ ಮೇಲೆ ಹರಡಿದರೆ ಯಾವ ಹೊಲದ್ದೆಂದು ಹೇಳುತ್ತಿದ್ದೆ, ಆದರೆ ನನ್ನದೆನ್ನುವ ಹೊಲ ಒಂದು ಗೇಣೂ ಇರಲಿಲ್ಲ. ಹುಬ್ಬಳ್ಳಿಯ ಕಮರಿಪೇಟೆಯ ಚಾಳಿನಲ್ಲಿ ಬಾಡಿಗೆಗೆ ಒಂದು ಖೋಲಿ, ಒಂದು ಅಡುಗೆಯ ಮೂಲೆ, ಹೊರಗೆ ಒಂದು ಕಟ್ಟೆ. ಮಾವನವರು ಉಪ್ಪಿನ ಬೆಟಗೇರಿಯಲ್ಲಿ ಭೂಮಿ ಇದ್ದವರು. ಮಗಳನ್ನು ನನಗೆ ಕೊಟ್ಟಿದ್ದು ಹಿರಿಯರು ಹೇಳಿದರೆಂದು, ಮನಸ್ಸಿನಿಂದಲ್ಲ. ಪೇಟೆಗೆ ಕಾಳು ತಂದರೆ ಖಾನಾವಳಿಯಲ್ಲಿ ಉಂಡು, ಮಗಳಿಗೆಂದು ತಂದ ಜೋಳ, ಬದನೆಕಾಯಿಯ ಗಂಟನ್ನು ನನ್ನ ಕೈಗಿಟ್ಟು, ಸಂಜೆಯ ಬಸ್ಸಿಗೆ ಹತ್ತಿಬಿಡುತ್ತಿದ್ದರು. ಮನೆಗೆ ಬನ್ನಿ ಎಂದರೆ ಒಂದೇ ಮಾತು.

“ಬಾಡಿಗಿ ಮನಿಯಾಗ ಗ್ವಾಡಿಗೊಂದು ಮೊಳಿ ಹೊಡೀಬೇಕಂದ್ರೂ ಮಾಲಕನ ಪರವಾನಗಿ ಬೇಕು. ಅಂಥಲ್ಲಿ ಬಂದು ನಾ ಏನ್ ಕುಂದರ್ಲಿ?”

ಗಂಟು ತಂದು ಕೊಟ್ಟಾಗ ನನ್ನ ಹೆಂಡತಿ ಬದನೆಕಾಯಿಯನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕುತ್ತಿದ್ದಳು. “ಒಂದ್ ತಾಸ ಬಂದು ಹೋಗಿದ್ರ ಬಸ್ ತಪ್ಪತಿತ್ತೇನು?” ಎನ್ನುತ್ತಿದ್ದಳು. ನಾನು ಗಂಟಿನ ಅರಿವೆ ಝಾಡಿಸಿ ಮಡಚಿಡುತ್ತಿದ್ದೆ. ಪೇಟೆಯಲ್ಲಿ ಇಡೀ ದಿನ ಮಾತಾಡಿ ಬಂದವನಿಗೆ ಮನೆಯಲ್ಲಿ ಆಡಲು ಮಾತು ಉಳಿಯುವುದಿಲ್ಲ.

ಒಮ್ಮೆ ಶ್ರಾವಣ ಮುಗಿದ ಮೇಲೆ ಇಬ್ಬರೂ ಊರಿಗೆ ಹೋಗಿದ್ದೆವು. ಪಡಸಾಲೆಯಲ್ಲಿ ಮಾವನವರ ಒಂದು ನಳಿಗೆಯ ಬಂದೂಕು ತೂಗುಬಿದ್ದಿತ್ತು. ಬೆಳೆಗೆ ಬೀಳುವ ಹಂದಿ ಓಡಿಸಲು ಅವರ ತಂದೆ ತೆಗೆದುಕೊಂಡದ್ದು. ಅದರ ಹೆಗಲಿಗಾನಿಸುವ ಮರದ ಹಿಡಿ ರೊಟ್ಟಿ ಹಂಚಿನ ತಳದಂತೆ ಕಪ್ಪಾಗಿತ್ತು. ಮಹಾನವಮಿಯಲ್ಲಿ ನಮ್ಮ ಕಡೆ ಆಯುಧ, ನೇಗಿಲು, ಕುಡುಗೋಲು ಎಲ್ಲವನ್ನೂ ದೇವರ ಜಗುಲಿಯ ಮೇಲಿಟ್ಟು ಮಾಡುವ ಖಂಡೇಪೂಜೆಯ ದಿನ ಈ ಹಿಡಿಗೂ ಕುಸುಬೆ ಎಣ್ಣೆ ಸವರಿ, ವಿಭೂತಿ ಎಳೆದು, ಕುಂಕುಮ ಹಚ್ಚುತ್ತಿದ್ದರು. ಪೂಜೆಯಲ್ಲಿ ಹಚ್ಚಿದ್ದನ್ನು ಒರೆಸಬಾರದು. ಹೀಗೆ ವರ್ಷದ ಮೇಲೆ ವರ್ಷ ಎಣ್ಣೆ ಕೂತು, ಬೇಸಿಗೆಯಲ್ಲಿ ಮರ ಬೆವರುತ್ತಿತ್ತು. ಮಾವನವರ ಬಿಳಿ ಅಂಗಿಗಳಿಗೆಲ್ಲ ಬಲ ಹೆಗಲ ಮೇಲೆ ಒಂದು ಕರಿ ಕಲೆ ಇರುತ್ತಿತ್ತು.

“ಮಾವಾರ, ಈ ಕಟ್ಟಿಗಿ ನಾ ಬೆಳಗಿ ಕೊಡ್ಲೇನ್ರಿ?” ಎಂದೆ.

“ದಲಾಲಿ ಬಿಟ್ಟು ಬಡಗಿ ಕೆಲಸಾ ಹಿಡದ್ರೇನ್ ಅಳಿಯಾಂದ್ರು?”

“ಎರಡರಾಗೂ ಕೆರಿಯೂದ ಐತ್ರಿ.”

ಅವರು ನಗಲಿಲ್ಲ. ಒಳಗಿನಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. “ಕೊಡ ಯಪ್ಪಾ. ಆದ್ರ ತಯಾರಾದ ಮ್ಯಾಲ ನೀನ ಬಂದು ಒಯ್ಬೇಕು. ಇವ್ರ ಕೈಯಾಗ ನಾ ಕಳಸಂಗಿಲ್ಲ.”

ಮಾವನವರು ಬಂದೂಕನ್ನು ನೋಡಿದರು, ಮಗಳನ್ನು ನೋಡಿದರು. “ಆತು. ಮಾನೌಮಿ ಅಮಾಸಿ ಮುಗೀಲಿ, ಬರ್ತೇನಿ. ಆದ್ರ ಖಂಡೇಪೂಜಿಗೆ ಬಂದೂಕ ಜಗಲಿ ಮ್ಯಾಲ ಇರಬೇಕು. ಅದರಾಗ ಹೆಚ್ಚುಕಮ್ಮಿ ಆತಂದ್ರ ನಾ ಮತ್ತ ನಿಮ್ಮ ಹೊಸ್ತಿಲಾ ತುಳಿಯೂದಿಲ್ಲ ನೋಡ.”

ಬಂದೂಕಿನ ಪರವಾನಗಿ ಅವರ ಹೆಸರಿನಲ್ಲಿದ್ದುದರಿಂದ ಇಡೀ ಬಂದೂಕನ್ನು ನಾನು ತರುವಂತಿರಲಿಲ್ಲ. ಹಿಡಿಯ ತುದಿಯ ಕಬ್ಬಿಣದ ತಗಡು ಬಿಚ್ಚಿ, ಒಳಗಿನ ಉದ್ದ ತಿರುಪು ಸಡಿಲಿಸಿದರೆ ಮರ ಬೇರೆಯಾಗಿ ಬರುತ್ತದೆ. ನಳಿಗೆ, ಗುಂಡು ಹಾರಿಸುವ ಕುದುರೆ ಎಲ್ಲ ಅವರ ಪೆಟ್ಟಿಗೆಯಲ್ಲಿ ಕೀಲಿಯೊಳಗೆ ಉಳಿದವು. ಮರವನ್ನು ಧೋತರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಧಾರವಾಡದಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರ್ ಬಗ್ಗಿ ನೋಡಿದ.

“ಏನ್ರೀ ಇದು, ಕೂಸಿನ ಹಂಗ ಸುತ್ತೀರಿ. ಅರ್ಧಾ ಟಿಕೀಟ ಹರೀಲೇನು?”

“ತೊಡಿ ಮ್ಯಾಲಿನ ಕೂಸಿಗೆ ಟಿಕೀಟ ಎಲ್ಲೈತ್ರಿ?” ಎಂದೆ. ಅಷ್ಟು ಮಾತಿಗೆ ಬಿಟ್ಟ.

ಕೆಲಸ ಶುರುವಾದದ್ದು ಮರುದಿನ ಸಂಜೆ. ಹೆಸರುಕಾಳು ಪೇಟೆಗೆ ಬೀಳುವ ಹಂಗಾಮು ಅದು. ಬೆಳಗಿನಿಂದ ಚೀಲದ ಮೇಲೆ ಚೀಲ ಹತ್ತಿ ಇಳಿದು, ಗಂಟಲು ಹರಿದುಕೊಂಡು ಬಂದು, ಕಟ್ಟೆಯ ಮೇಲೆ ಕೂತು ಹಿಡಿಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದೆ. ಮೊದಲು ಉಪ್ಪುಕಾಗದ ಹಚ್ಚಿದೆ. ಎಣ್ಣೆಯ ಜಿಡ್ಡು ಕಾಗದದ ಹರಳಿನೊಳಗೆ ಕೂತು ಎರಡು ತಿಕ್ಕಿಗೇ ಅದು ನುಣ್ಣಗಾಗಿಬಿಟ್ಟಿತು. ಒಡೆದ ಕಂದೀಲಿನ ಗಾಜಿನ ಚೂರಿನಿಂದ ಕೆರೆದರೆ ಮಾತ್ರ ಆ ಕಪ್ಪು ಮೇಣದಂತೆ ಸುರುಳಿಯಾಗಿ ಬರುತ್ತಿತ್ತು. ದಿನಕ್ಕೆ ಒಂದು ಅಂಗೈಯಷ್ಟು. ಹೆಂಡತಿ ದೀಪ ತಂದಿಟ್ಟು, ಇವತ್ತೆಷ್ಟಾಯಿತು ಎಂದು ನೋಡಿ ಒಳಗೆ ಹೋಗುತ್ತಿದ್ದಳು. ನವರಾತ್ರಿಯ ಹಿಂದಿನ ಆ ಅಮಾವಾಸ್ಯೆಗೆ ಆಗದಿದ್ದರೆ ಏನೆಂದು ಅವಳು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಸಲೀಸಾಗುತ್ತಿತ್ತು.

ಕಪ್ಪೆಲ್ಲ ಹೋಗಿ ಒಳಗಿನ ಕಂದು ಮರ ಕಂಡಿತು. ಬಣ್ಣಕ್ಕೆ ಕಾಚು ಸಾಕೆಂದು ಲೆಕ್ಕ ಹಾಕಿದ್ದೆ. ಎಲೆ ಅಡಿಕೆಗೆ ಹಾಕಿಕೊಳ್ಳುವ ಕಾಚನ್ನು ನೀರಲ್ಲಿ ಕುದಿಸಿ ಹಚ್ಚಿದರೆ ಮರಕ್ಕೆ ಒಳ್ಳೆಯ ಕಂದು ಬಣ್ಣ ಬರುತ್ತದೆ, ಅಂಗಡಿಯ ಬಣ್ಣದ ಪುಡಿಗಿಂತ ಅಗ್ಗ. ಅಡಿಯಲ್ಲಿ ಒಂದು ಹನಿ ಹಚ್ಚಿ ನೋಡಿದೆ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಬಿತ್ತು. ಎಣ್ಣೆ ಮರದ ಎಲುಬಿನವರೆಗೆ ಇಳಿದಿತ್ತು.

“ನೆಲಕ್ಕ ಎಣ್ಣಿ ಚೆಲ್ಲಿದ್ರ ಶೇಡಿ ಹಚ್ಚಿ ಬಿಡ್ತೇವಿಲ್ಲೋ? ಇದಕ್ಕೂ ಹಚ್ರಿ,” ಎಂದಳು ಹೆಂಡತಿ.

ಶೇಡಿ ಅಂದರೆ ಗೋಡೆಗೆ ಬಳಿಯುವ ಬಿಳಿ ಮಣ್ಣು. ಮಹಾನವಮಿ ಹತ್ತಿರ ಬಂದು ಊರೆಲ್ಲ ಮನೆ ಸಾರಿಸುವ ದಿನಗಳು, ಅಂಗಡಿ ಅಂಗಡಿಯ ಮುಂದೆ ಶೇಡಿಯ ರಾಶಿ. ಮಾತಾಡಿ, ಚೀಲದ ತಳದ ಪುಡಿಯನ್ನು ಅರ್ಧ ಬೆಲೆಗೆ ತಂದೆ. ನೀರಲ್ಲಿ ಕಲಸಿ ದಪ್ಪಗೆ ಮೆತ್ತಿ ಬಿಸಿಲಿಗಿಟ್ಟರೆ ಬಿಳಿ ಶೇಡಿ ಸಂಜೆಯ ಹೊತ್ತಿಗೆ ಹಳದಿಯಾಗಿರುತ್ತಿತ್ತು. ಎಣ್ಣೆ ಮೇಲೆ ಬರುತ್ತಿತ್ತು. ಕೆರೆದು ತೆಗೆದು ಮತ್ತೆ ಮೆತ್ತುವುದು. ಹಾಗೆ ಮಾಡುತ್ತ ಅಮಾವಾಸ್ಯೆಯ ಹೊತ್ತಿಗೆ ಮರ ಹಗುರಾಯಿತು. ಒಣ ಬಟ್ಟೆಯಿಂದ ಒರೆಸಿ, ಕಾಚಿನ ನೀರು ಹಚ್ಚಿದೆ. ಈಗ ಮರ ಬಾಯಾರಿದಂತೆ ಕುಡಿಯಿತು. ರಟ್ಟೆ ಎತ್ತಲಾರದೆ, ಹಾಗೇ ಕಿಟಕಿಯಲ್ಲಿಟ್ಟು ಮಲಗಿದೆ.

ಬೆಳಿಗ್ಗೆ ನೋಡಿದರೆ ಹಿಡಿ ಕೆಂಪಗಾಗಿತ್ತು. ಕಂದುಗೆಂಪಲ್ಲ, ಎಲೆ ತಿಂದ ಬಾಯಿಯ ಕೆಂಪು.

ಪಕ್ಕದ ಖೋಲಿಯ ಅಜ್ಜಿ ಕಿಟಕಿಗೆ ಬಂದು ನಿಂತಳು. ಚಾಳಿನಲ್ಲಿ ದಿನವಿಡೀ ಎಲೆ ಅಡಿಕೆ ಮೆಲ್ಲುವವಳು ಅವಳೊಬ್ಬಳೇ. “ಅಯ್ಯ ಶಿವನ, ಈ ಚಾಳಿನಾಗ ನಾ ಒಬ್ಬಾಕಿನ ಎಲಿ ತಿಂತೇನಿ ಅನ್ಕೊಂಡಿದ್ದೆ. ನಿಮ್ಮ ಬಂದೂಕನೂ ಶುರು ಮಾಡೇತೇನು?” ಎಂದಳು. ನಾನು ಶೇಡಿಯ ವಿಷಯ ಹೇಳಿದೆ. ಅವಳು ಗದ್ದ ಒರೆಸಿಕೊಂಡಳು. “ಗ್ವಾಡಿಗೆ ಗಟ್ಟಿ ಹತ್ತಲಿ ಅಂತ ಹಬ್ಬದಾಗ ಶೇಡ್ಯಾಗ ಸುಣ್ಣಾ ಹಾಕಿ ಮಾರ್ತಾರ ತಮ್ಮಾ. ಸುಣ್ಣಾ ಹಚ್ಚಿದಿ, ಮ್ಯಾಲ ಕಾಚ ಹಚ್ಚಿದಿ. ಎಲಿ, ಅಡಕಿ ಎರಡ ಬಾಕಿ ನೋಡ.”

ನಾನು ಕಟ್ಟೆಯ ಮೇಲೆ ಕೂತೆ. ಆ ಹೊತ್ತಿಗೆ ಬೇಸರ ಕೂಡ ಬರಲಿಲ್ಲ, ನಿದ್ದೆ ಬಂತು. ಹೆಂಡತಿ ಹಿಡಿಯನ್ನು ಎತ್ತಿ ನೋಡಿ ಕೆಳಗಿಟ್ಟಳು. “ಅಪ್ಪ ಇವತ್ತ ಬಂದ್ರ?” ಎಂದಳು. ಅಂದೇ ಬಂದರು.

ಮಾವನವರು ಹಬ್ಬದ ಸಿಹಿ ಮಾದಲಿಯ ಹಿಟ್ಟಿನ ಡಬ್ಬಿ ಹಿಡಿದು, ಬಗ್ಗಿ ಬಾಗಿಲು ದಾಟಿ ಒಳಗೆ ಬಂದರು. ಮಗಳು ಕಾಲಿಗೆ ನೀರು ಕೊಟ್ಟಳು. ಮುಖ ಒರೆಸಿಕೊಳ್ಳುತ್ತ ಕಿಟಕಿಯ ಕಡೆ ನೋಡಿದವರು ಹಾಗೇ ನಿಂತರು. ಹಿಡಿಯನ್ನು ತೆಗೆದುಕೊಂಡರು, ತಿರುಗಿಸಿದರು, ಮೂಗಿಗೆ ಹಿಡಿದರು.

“ಇದನ್ನ ತಗೊಂಡು ಹೊಲಕ್ಕ ಹೋದ್ರ ಹಂದಿ ಓಡಂಗಿಲ್ಲ. ನಕ್ಕೋತ ನಿಂದರ್ತಾವ.”

ಮಗಳ ಮುಖ ಇಳಿದದ್ದು ಅವರಿಗೂ ಕಂಡಿರಬೇಕು. ನನ್ನ ಕಡೆ ತಿರುಗಿದರು. “ಸರಿ ಮಾಡಾಕ ಎಷ್ಟ ದಿನಾ ಬೇಕು? ಖರೇ ಹೇಳ್ರಿ.”

ಪೇಟೆಯಲ್ಲಿ ನಾನು ಮೊದಲ ಮಾತಿಗೆ ಖರೆ ಹೇಳಿದವನಲ್ಲ. ಅಂದು ಸುತ್ತಿ ಬಳಸಿ ಆಡುವ ತ್ರಾಣ ಇರಲಿಲ್ಲ. “ಬಣ್ಣಾ ಇವತ್ತ ಇಳಸ್ತೇನ್ರಿ. ಆದ್ರ ಎಣ್ಣಿ ಒಣಗಬೇಕಲ್ರಿ. ಖಂಡೇಪೂಜಿ ಹಿಂದಿನ ದಿನದ ಮಟಾ ಹಿಡೀತೈತಿ.”

ಅವರು ಹಿಡಿಯನ್ನು ಕಿಟಕಿಯಲ್ಲಿಟ್ಟು ಬಾಗಿಲ ಕಡೆ ನೋಡಿದರು. ಹೋಗಿ ಮತ್ತೆ ಬರುತ್ತೇನೆ ಅಂದರೆ ಅವರು ಬರುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

“ಇದನ್ನ ಯಾರ ಮ್ಯಾಲ ಬಿಟ್ಟ ಹೋಗ್ಲಿ? ನಿಮ್ಮ ಮ್ಯಾಲೇನು?” ಎಂದು ಕೊನೆಗೆ ಅಂದರು. ರುಮಾಲು ಬಿಚ್ಚಿ ಗೋಡೆಗೆ ಆತು ನೆಲಕ್ಕೆ ಕೂತರು. “ಯವ್ವಾ, ನನಗೂ ಎರಡ ರೊಟ್ಟಿ ಬಡಿ. ಇದು ಆಗೂ ತನಕಾ ನಾ ಏಳಂಗಿಲ್ಲ.”

ಹೆಂಡತಿ ಅಡುಗೆಯ ಮೂಲೆಗೆ ಹೋದಳು. ಒಳಗೆ ದೊಡ್ಡ ಪಾತ್ರೆಯನ್ನು ಮೇಲಿನಿಂದ ಇಳಿಸುವ ಸಪ್ಪಳ ಕೇಳಿಸಿತು.

ಕಬ್ಬಿಣದ ಬಾಣಲೆಯಲ್ಲಿ ಹುಣಸೆಹಣ್ಣು ಕಿವುಚಿ, ಅದರಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ಹಾಕಿ ಇಟ್ಟೆ. ಹುಳಿ ಸುಣ್ಣವನ್ನು ಮುರಿಯುತ್ತದೆ, ಕಬ್ಬಿಣ ಕಾಚನ್ನು ಕಪ್ಪಾಗಿಸುತ್ತದೆ. ಆ ಕರಿ ನೀರನ್ನು ಸಂಜೆ ತೆಳ್ಳಗೆ ಹಚ್ಚಿದಾಗ ಕೆಂಪು ಮೆಲ್ಲಗೆ ಕುಗ್ಗಿ, ಹುರಿದ ಕಾಫಿಬೀಜದ ಬಣ್ಣಕ್ಕೆ ಬಂತು. ಮರುದಿನ ಕಾಯಿಸಿದ ಅಗಸೆ ಎಣ್ಣೆ ತಂದೆ. ನನ್ನ ಕೈಯಿಂದ ಮಾವನವರು ಬಟ್ಟಲು ಕಸಿದುಕೊಂಡರು.

“ಬಿಡ್ರಿ. ನಿಮ್ಮ ಕೈ ಬರೇ ಅಂಗೈ ಮ್ಯಾಲ ಕಾಳ ತೋರಸಾಕ ಹುಟ್ಟೇತಿ.”

ಅವರ ಅಂಗೈ ಉಪ್ಪುಕಾಗದಕ್ಕಿಂತ ಗಟ್ಟಿ. ಎರಡೇ ಹನಿ ಹಾಕಿಕೊಂಡು, ಮರ ಬಿಸಿಯಾಗುವವರೆಗೆ ತಿಕ್ಕುತ್ತಿದ್ದರು. ನಾನು ಪೇಟೆಯಿಂದ ಬರುವಾಗ ಅವರು ಹಿಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದರು, ಮಗಳು ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಯಾವ ಎಮ್ಮೆ ಈದಿತು, ಯಾರ ಮನೆ ಬಿತ್ತು, ಬರೇ ಅಂಥವೇ ಮಾತು. ನನ್ನನ್ನು ಕಂಡರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ನಾನು ಮುಖ ತೊಳೆದು ಒಳಗೆ ಹೋದರೆ ಮತ್ತೆ ಶುರುವಾಗುತ್ತಿತ್ತು. ಖೋಲಿಯನ್ನು ಅವರಿಗೆ ಬಿಟ್ಟು ನಾನು ಕಟ್ಟೆಯ ಮೇಲೆ ಸೊಳ್ಳೆಗಳ ಜೊತೆ ಮಲಗಿದೆ.

ಒಂದು ಸಂಜೆ ಬಂದಾಗ ಹಿಡಿ ಗೋಡೆಯಲ್ಲಿ ಹೊಸ ಮೊಳೆಗೆ ನೇತಾಡುತ್ತಿತ್ತು. ನೆಲಕ್ಕಿಟ್ಟರೆ ಎಣ್ಣೆಗೆ ಧೂಳು ಕೂರುತ್ತದೆಂದು ಅವರೇ ಹೊಡೆದಿದ್ದರು. ಸುಣ್ಣದ ಚಕ್ಕೆ ಕೆಳಗೆ ಬಿದ್ದಿತ್ತು.

“ಮಾಲಕರನ್ನ ಕೇಳಿರೇನ್ರಿ ಮಾವಾರ?”

“ಯಾಕ ಕೇಳ್ಬೇಕು? ನಮ್ಮ ಅಳಿಯಾಂದ್ರು ದಲಾಲಿ ಅದಾರಲ್ಲ, ಮಾತಾಡ್ತಾರ.”

ಪೂಜೆಯ ಹಿಂದಿನ ದಿನ ಹಿಡಿಯನ್ನು ಅದೇ ಧೋತರದಲ್ಲಿ ಸುತ್ತಿಕೊಂಡು ಹೋದರು. ಜಗುಲಿಯ ಮೇಲೆ ಸಮಯಕ್ಕೆ ಸರಿಯಾಗಿ ಇಟ್ಟರೆಂದು ಆಮೇಲೆ ಸುದ್ದಿ ಬಂತು. ಚೆನ್ನಾಗಿದೆ ಎಂದು ಹೇಳಿ ಕಳಿಸಿದರೇ ಎಂದರೆ, ಇಲ್ಲ.

ಮುಂದಿನ ವರ್ಷ ಮಹಾನವಮಿ ಅಮಾವಾಸ್ಯೆ ಮುಗಿದ ಮೇಲೆ ಬಾಗಿಲಲ್ಲಿ ಮಾವನವರು, ಕಂಕುಳಲ್ಲಿ ಧೋತರದ ಗಂಟು. “ಬಣ್ಣಾ ಮಾಸೇತಿ,” ಎಂದರು. ನಾನು ಬಿಚ್ಚಿ ನೋಡಿದೆ. ಕಾಳು ನೋಡಿ ಹೊಟ್ಟೆ ತುಂಬಿಸಿಕೊಂಡ ಕಣ್ಣು ನನ್ನದು. ಕೂದಲೆಳೆಯಷ್ಟೂ ಮಾಸಿರಲಿಲ್ಲ. ಒಳಗಿನಿಂದ ದೊಡ್ಡ ಪಾತ್ರೆ ಇಳಿಸುವ ಸಪ್ಪಳ ಬರುತ್ತಿತ್ತು. ರಟ್ಟೆ ಆಗಲೇ ನೋಯತೊಡಗಿತ್ತು.

“ಹೌದ್ರಿ ಮಾವಾರ, ಬಾಳ ಮಾಸೇತಿ,” ಎಂದು ಕಂದೀಲಿನ ಗಾಜು ಹುಡುಕಿದೆ.

ನೀವು ಈ ಕೆಲಸಕ್ಕೆ ಕೈ ಹಾಕುವುದಾದರೆ ಕೇಳಿ. ಹಬ್ಬದ ದಿನಗಳಲ್ಲಿ ಶೇಡಿ ಕೊಳ್ಳಬೇಡಿ. ಕೊಳ್ಳಲೇಬೇಕಾದರೆ ಚಿಟಿಕೆ ಪುಡಿಗೆ ಅರಿಶಿಣ, ನೀರು ಹಾಕಿ ತಿಕ್ಕಿ ನೋಡಿ. ಕೆಂಪಾದರೆ ಅದರಲ್ಲಿ ಸುಣ್ಣ ಇದೆ, ಅಂಗಡಿಯವನ ಮುಖಕ್ಕೇ ತಿರುಗಿಸಿ ಕೊಡಿ. ಬಣ್ಣವನ್ನು ಮೊದಲು ಕಾಣದ ಜಾಗದಲ್ಲಿ ಹಚ್ಚಿ, ಒಂದು ಇರುಳು ಬಿಟ್ಟು ನೋಡಿ. ಪೂಜೆಯ ಕುಂಕುಮವನ್ನು ನಳಿಗೆಗೆ ಇಡಿ, ಮರದ ಮೇಲೆ ಬೇಡ. ಅಗಸೆ ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ, ಅದು ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಹಗ್ಗಕ್ಕೆ ಹಾಕಿ. ಎಣ್ಣೆ ತೆಳ್ಳಗಿರಲಿ, ಅವಸರ ಬೇಡ. ಒಯ್ಯಲು ಬಂದವರು ನಿಮ್ಮ ಮನೆಯವರಿಗೆ ಬೇಕಾದವರಾಗಿದ್ದರೆ, ಇನ್ನೂ ಒಣಗಿಲ್ಲ ಎಂದು ಹೇಳಿ. ಅಗಸೆ ಎಣ್ಣೆಯ ಮಟ್ಟಿಗೆ ಆ ಮಾತು ಹೆಚ್ಚುಕಡಿಮೆ ಯಾವಾಗಲೂ ಖರೆಯೇ.