ಯಾವ ಸೈಡು, ಮಾಷ್ಟ್ರೆ?

ಆಟೋರಿಕ್ಷಾದಲ್ಲಿ ಕೂತವನಿಗೆ ಚಾಲಕರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ನನ್ನ ಬಳಿ ಸಿದ್ಧ ಉತ್ತರವಿರುತ್ತದೆ. ಚಿಲ್ಲರೆ ಉಂಟಾ ಎಂದರೆ ಉಂಟು. ಅರ್ಜೆಂಟಾ ಎಂದರೆ, ಪೆನ್ಶನ್ ತೆಗೆದುಕೊಳ್ಳುವವನಿಗೆ ಎಂತ ಅರ್ಜೆಂಟು ಮಾರಾಯ ಎಂದು ನಗಬಹುದು. ಆದರೆ ನಾನು "ಮಜಲಕೋಡಿಗೆ" ಎಂದ ಕೂಡಲೇ ಅವರು ಕತ್ತು ಹಿಂದಕ್ಕೆ ತಿರುಗಿಸಿ, "ಯಾವ ಸೈಡು, ಮಾಷ್ಟ್ರೆ? ಈ ಸೈಡಾ, ಆ ಸೈಡಾ?" ಎನ್ನುತ್ತಾರಲ್ಲ, ಆಗ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತನೆಂಬ ಬಿರುದು ಹೊತ್ತು, ಮಕ್ಕಳ ತಲೆಯಲ್ಲಿ ಛಂದಸ್ಸು ತುರುಕುತ್ತ ಆಯುಷ್ಯ ಕಳೆದ ನಾನು, ಇಷ್ಟು ಸಣ್ಣ ಪ್ರಶ್ನೆಯ ಮುಂದೆ ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ಪಿಳಿಪಿಳಿ ಕಣ್ಣು ಬಿಡುತ್ತೇನೆ.

ಹಿಂದೆ ಮಜಲಕೋಡಿಗೆ ಸೈಡುಗಳೇ ಇರಲಿಲ್ಲ. ಒಂದು ಓಣಿ, ಅದರ ಎರಡೂ ಬದಿಗೆ ಹೆಂಚಿನ ಮನೆಗಳು, ಮುಂದೆ ಎಲ್ಲಿಯೋ ಕಾಣದಷ್ಟು ದೂರದಲ್ಲಿ ಒಂದು ಸಪೂರ ರಸ್ತೆ. ಆಮೇಲೆ ಆ ರಸ್ತೆ ಚತುಷ್ಪಥ ಹೆದ್ದಾರಿಯಾಗಿ ನಮ್ಮ ಓಣಿಯ ಮೇಲೆಯೇ ಹಾದುಹೋಯಿತು. ಚತುಷ್ಪಥವೆಂಬ ಶಬ್ದದ ಗಾಂಭೀರ್ಯಕ್ಕೆ ಮರುಳಾಗಿ, ನಮ್ಮಂಥ ದ್ವಿಪಾದಿಗಳ ಗತಿ ಏನೆಂದು ಕೇಳುವುದನ್ನೇ ಮರೆತೆವು. ಸಮುದ್ರದ ಕಡೆ ಕೆಲವು ಮನೆಗಳು, ಇಗರ್ಜಿಯ, ಅಂದರೆ ಚರ್ಚಿನ ಕಡೆ ಕೆಲವು ಮನೆಗಳು ಉಳಿದವು, ನಡುವಿನವು ಹೋದವು. ನಮ್ಮದು ನಟ್ಟನಡುವಿನದು. ನಮ್ಮ ಜಗಲಿಯಿದ್ದ ಜಾಗದಲ್ಲಿ ಈಗ ಕೇರಳಕ್ಕೆ ಹೋಗುವ ಲಾರಿಗಳು ಓಡುತ್ತವೆ, ಅಡುಗೆಮನೆಯಿದ್ದಲ್ಲಿ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸುಗಳು, ಬಾವಿಯಿದ್ದಲ್ಲಿ ಡಿವೈಡರು, ಅದರ ಮೇಲೆ ಯಾರೂ ಕೀಳದ ಕಾಗದದ ಹೂ. ಹೀಗಿರುವಾಗ ಯಾವ ಸೈಡೆಂದು ನಾನು ಏನಂತ ಹೇಳಲಿ? ನೀವೇ ಹೇಳಿ.

ಮನೆ ಕಳೆದುಕೊಂಡ ನಾವು, ಅಂದರೆ ನಾನು ಮತ್ತು ನನ್ನ ಹೆಂಡತಿ ಐರಿನ್, ವಾಮಂಜೂರಿನಲ್ಲಿ ಬಾಡಿಗೆಗೆ ಹೋದೆವು. ಪಕ್ಕದ ಮನೆಯ ಗಿರಿಜಕ್ಕ ಉಳ್ಳಾಲದಲ್ಲಿ ಮಗಳ ಮನೆ ಸೇರಿದರು. ಗಿರಿಜಕ್ಕನೆಂದರೆ ಯಾರೆಂದು ಹೇಳಬೇಕಲ್ಲ. ಗಂಡ ಬೋಟಿಗೆ ಹೋಗುತ್ತಿದ್ದವರು, ಈಗಿಲ್ಲ. ಇವರು ಬೋಟು ಬಂದು ನಿಲ್ಲುವ ದಕ್ಕೆಯಿಂದ ಮೀನು ತಂದು ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿ ಸುತ್ತಿ ಮಾರಿದವರು. ನನಗಿಂತ ಹತ್ತು ವರ್ಷಕ್ಕಾದರೂ ಹಿರಿಯರು, ಆದರೆ ಗಂಟಲು ಇನ್ನೂ ಮೀನು ಮಾರ್ಕೆಟಿನದ್ದೇ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಪಾಗಾರ. ಕಾಂಪೌಂಡ್ ಗೋಡೆಗೆ ನಮ್ಮೂರಿನಲ್ಲಿ ಹಾಗೆನ್ನುತ್ತಾರೆ. ನಮ್ಮದು ಗೋಡೆಗಿಂತ ಹೆಚ್ಚಾಗಿ ಮೇಜಿನ ಕೆಲಸ ಮಾಡುತ್ತಿತ್ತು. ಆ ಕಡೆಯಿಂದ ಬಾಳೆಲೆಯಲ್ಲಿ ಬಂಗುಡೆ ಬಂದು ಕೂರುತ್ತಿತ್ತು, ಈ ಕಡೆಯಿಂದ ಸಣ್ಣಪೋಳವೆಂಬ ದೋಸೆ ಹೋಗಿ ಕೂರುತ್ತಿತ್ತು. ಐರಿನ್‌ಗೆ ಹೆರಿಗೆಯಾದಾಗ ಬಿಸಿನೀರು ಹಾಕಿದವರು ಗಿರಿಜಕ್ಕ. ಅವರ ಗಂಡ ತೀರಿಕೊಂಡ ದಿನ ಅವರನ್ನು ಹಿಡಿದು ಕೂತವಳು ಐರಿನ್. ನಾವು ಮನೆಯಲ್ಲಿ ಕೊಂಕಣಿ, ಅವರು ತುಳು. ಸಿಟ್ಟು ಬಂದಾಗ ಮಾತ್ರ ಇಬ್ಬರೂ ಕನ್ನಡ.

ಈಗ ನಗರದ ದೊಡ್ಡವರಿಗೆ ಹೆದ್ದಾರಿಯ ಎರಡು ಬದಿಯ ಮಜಲಕೋಡಿಯನ್ನು ಮತ್ತೆ ಹೊಲಿಯಬೇಕೆಂಬ ಬುದ್ಧಿ ಬಂತು. ಪುನರಭಿವೃದ್ಧಿ ಎಂದು ಅದರ ಹೆಸರು. ಮೊದಲಿನದ್ದು ಅಭಿವೃದ್ಧಿಯಾದರೆ ಇದು ಪುನಃ ಅಭಿವೃದ್ಧಿ. ಮೊದಲ ಸಲ ಸರಿಯಾಗಿ ಆಗಲಿಲ್ಲವೆಂಬುದನ್ನು ಇಷ್ಟು ಸಭ್ಯವಾಗಿ ಹೇಳುವ ಶಕ್ತಿ ಸಂಸ್ಕೃತಕ್ಕೆ ಮಾತ್ರ ಉಂಟು. ಶಾಲೆಯ ಹಾಲಿನಲ್ಲಿ ಸಭೆ ಕರೆದರು. ಪರದೆಯ ಮೇಲೆ ಹಸಿರು ಹುಲ್ಲು, ಬೆಂಚು, ಹೆದ್ದಾರಿಯ ಕೆಳಗೆ ಅಂಡರ್‌ಪಾಸು, ಅದರಲ್ಲಿ ಬಲೂನು ಹಿಡಿದು ನಡೆಯುವ ಜನ. ಆ ಜನ ಯಾರೂ ನಮ್ಮೂರಿನವರಂತೆ ಕಾಣಲಿಲ್ಲ, ಒಬ್ಬರ ಕೈಯಲ್ಲೂ ಕೊಡೆ ಇರಲಿಲ್ಲ. ಹೆದ್ದಾರಿಯ ಎರಡು ಬದಿಗೂ ಒಂದೊಂದು ವಸತಿ ಕಟ್ಟಡ. ಮನೆ ಹೋದವರಿಗೆಲ್ಲ ಒಂದೊಂದು ಫ್ಲಾಟು. ಬದಿ ನಿಮ್ಮ ಆಯ್ಕೆ, ಆದರೆ ಒಮ್ಮೆ ಹೇಳಿದ ಮೇಲೆ ಬದಲಿಸಲಿಕ್ಕಿಲ್ಲ ಎಂದರು. ಪಡುವಣದ ಕಟ್ಟಡ ಸಮುದ್ರದ ಕಡೆ, ಮೂಡಣದ್ದು ಇಗರ್ಜಿಯ ಕಡೆ.

ಗಿರಿಜಕ್ಕನ ಮಗಳು ಒಪ್ಪಲಿಲ್ಲವಂತೆ. "ಇಲ್ಲಿ ಎಲ್ಲ ಉಂಟು, ಅಲ್ಲಿಗೆ ಎಂತಕ್ಕೆ ಸಾಯ್ಲಿಕ್ಕೆ ಹೋಗುದು?" ಎಂದು ಜಗಳವಾಡಿದಳಂತೆ. ಗಿರಿಜಕ್ಕ ಹಟ ಬಿಡಲಿಲ್ಲ. ಮಂಡಿ ನೋವು, ಮೆಟ್ಟಿಲು ಹತ್ತಿದರೆ ದಮ್ಮು, ಆದರೂ ಮಜಲಕೋಡಿಗೇ ಹೋಗುವುದು, ಐರಿನ್‌ಬಾಯಿಯ ಪಕ್ಕದಲ್ಲೇ ಇರುವುದು, ಉಳಿದ ದಿನ ಅಲ್ಲೇ ಕಳೆಯುವುದು ಎಂದು ನಿಂತರು. ಇದನ್ನು ಅವರು ನಮಗೆ ಹೇಳಲಿಲ್ಲ. ಮಗಳು ಆಮೇಲೆ ಹೇಳಿದ್ದು. ನಮಗೂ ಹಾಗೇ ಆಸೆ. ವಾಮಂಜೂರಿನ ನೆರೆಯವರು ಸಜ್ಜನರು, ಗೇಟಿನ ಬೆಲ್ ಒತ್ತದೆ ಒಳಗೆ ಬರುವುದಿಲ್ಲ. ಅದೇ ನಮಗೆ ತಡೆಯಲಾಗದ್ದು.

ಈಗ ನೋಡಿ, ನಾವು ಮಾಡಿದ ಘನಕಾರ್ಯ. ಗಿರಿಜಕ್ಕನಿಗೂ ನಮಗೂ ವಾರ ವಾರ ಫೋನಿನಲ್ಲಿ ಮಾತಾಗುತ್ತಿತ್ತು. ಬೂತಾಯಿ ಮೀನು ಬಂತೇ, ಮಂಡಿಗೆ ಎಣ್ಣೆ ಹಚ್ಚಿದಿರಾ, ನಮ್ಮ ಸೊಸೆಗೆ ದುಬಾಯಿಯಲ್ಲಿ ನರ್ಸ್ ಕೆಲಸ ಸಿಕ್ಕಿತೇ, ಎಲ್ಲ ಪರಸ್ಪರ ಕೇಳುತ್ತಿದ್ದೆವು. ಯಾವ ಬದಿ ತೆಗೆದುಕೊಳ್ಳುತ್ತೀರಿ ಎಂದು ಮಾತ್ರ ಕೇಳಲಿಲ್ಲ. ಕೇಳುವುದೆಂದರೆ ಒತ್ತಾಯ ಮಾಡಿದ ಹಾಗೆ ಎಂದು ನಮ್ಮ ಲೆಕ್ಕ. ನಾವು ಕೇಳಿದರೆ ಅವರು ನಮಗೋಸ್ಕರ ತಮ್ಮ ಇಷ್ಟ ಬಿಡುತ್ತಾರೆ. ಹುಟ್ಟಿದಂದಿನಿಂದ ಕಡಲಿನ ಗಾಳಿ ಕುಡಿದ ಹೆಂಗಸು, ಖಂಡಿತ ಪಡುವಣವೇ ಬೇಕೆನ್ನುತ್ತಾರೆ, ಹೇಳದೆ ನಾವೇ ಅಲ್ಲಿಗೆ ಹೋಗಿಬಿಡೋಣ ಎಂದುಕೊಂಡೆವು. ಐರಿನ್‌ಗೆ ಇಗರ್ಜಿ ದೂರವಾಗುತ್ತದೆ, ಆಗಲಿ ಎಂದಳು. ದಾಕ್ಷಿಣ್ಯವೆಂಬುದು ನಮ್ಮ ಜಿಲ್ಲೆಯಲ್ಲಿ ಮಳೆಯಷ್ಟೇ ಧಾರಾಳ, ಚರಂಡಿ ಕಟ್ಟಿಕೊಂಡರೆ ಮನೆಯೊಳಗೇ ನುಗ್ಗುತ್ತದೆ. ಪಡುವಣ ಎಂದು ಹೇಳಿ ಬಂದೆವು. ಬರುವಾಗ ನನಗೆ ನನ್ನ ಬಗ್ಗೆ ಅಭಿಮಾನವೂ ಆಯಿತು.

ಬೀಗದಕೈ ಕೊಡುವ ದಿನ ಶಾಮಿಯಾನದಲ್ಲಿ ಗಿರಿಜಕ್ಕ ಸಿಕ್ಕಿದರು. ಹೊಸ ಸೀರೆ, ಮುಡಿಯಲ್ಲಿ ಮಲ್ಲಿಗೆ, ಮುಖದಲ್ಲಿ ಕಳ್ಳನಗು.

"ಮಾಷ್ಟ್ರೆ, ನಿಮಗೆ ಇಗರ್ಜಿ ಹತ್ರ ಬೇಕಲ್ಲ, ಅದಕ್ಕೆ ನಾನೂ ಮೂಡಾಯಿಯೇ ಹೇಳಿದ್ದು. ಹೇಗೆ?" ಎಂದರು.

ಐರಿನ್ ನನ್ನ ಮುಖ ನೋಡಿದಳು. ನಾನು ಶಾಮಿಯಾನದ ಕಂಬ ನೋಡಿದೆ.

"ನಾವು ನಿಮಗೆ ಕಡಲು ಬೇಕು ಅಂತ..." ಎಂದು ಐರಿನ್ ಶುರುಮಾಡಿ ನಿಲ್ಲಿಸಿದಳು.

"ಕಡಲಾ? ಅಯ್ಯೋ ದೇವರೇ! ಜೀವಮಾನ ಇಡೀ ಕಡಲು ನೋಡಿ ಸಾಕಾಗಿದೆ ನನಗೆ! ನಿಮಗೆ ಒಂದು ಮಾತು ಕೇಳ್ಲಿಕ್ಕೆ ಎಂತ ರೋಗ?"

"ನೀವು ಕೇಳಿದ್ದೀರಾ ಗಿರಿಜಕ್ಕ?" ಎಂದೆ ನಾನು. ಅಂಥ ಹೊತ್ತಿನಲ್ಲೂ ವಾದ ಗೆಲ್ಲುವ ಮೇಷ್ಟರ ಚಾಳಿ ನನ್ನದು.

ನೋಡಿ, ಮೂವರೂ ಕನ್ನಡದಲ್ಲಿ ಮಾತಾಡುತ್ತಿದ್ದೆವು.

ಬದಲಿಸಬಹುದೇ ಎಂದು ಮೇಜಿನ ಹಿಂದಿದ್ದ ಹುಡುಗಿಯನ್ನು ಕೇಳಿದೆವು. ಪಾಪ, ಅವಳಿಗೆ ನಮ್ಮ ಕಥೆ ಅರ್ಥವಾಗಲಿಲ್ಲ. "ಅಂಕಲ್, ಅಂಡರ್‌ಪಾಸ್ ಆದ ಮೇಲೆ ಎರಡೂ ಒಂದೇ ಅಲ್ವಾ?" ಎಂದಳು. ಅಂಡರ್‌ಪಾಸು ಈಗಲೂ ಆ ಪರದೆಯ ಮೇಲೆಯೇ ಇದೆ. ನಾನು ಆ ಬದಿಗೆ ಹೋಗಬೇಕಾದರೆ ಬಸ್ಸಿನಲ್ಲಿ ಮುಂದಿನ ಸರ್ಕಲ್ ತನಕ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ತಿರುಗಿ ಬರಬೇಕು. ನಮ್ಮ ಬಾಲ್ಕನಿಯಿಂದ ಗಿರಿಜಕ್ಕನ ಬಾಲ್ಕನಿ ಕಾಣುತ್ತದೆ. ಐರಿನ್ ಕೈ ಬೀಸುತ್ತಾಳೆ, ಅವರೂ ಬೀಸುತ್ತಾರೆ. ಲಾರಿಗಳ ಸದ್ದಿನಲ್ಲಿ ಆ ಮಾರ್ಕೆಟಿನ ಗಂಟಲೂ ಸೋತುಹೋಗುತ್ತದೆ. ಇದು ಊರಿಗೆ ಮರಳಿದ್ದೋ ಊರು ಬಿಟ್ಟದ್ದೋ ಎಂದು ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಹತ್ತಿರವೆಂಬುದನ್ನು ಮೀಟರಿನಲ್ಲಿ ಅಳೆಯುತ್ತಾರೋ ಬಸ್ಸು ಬದಲಿಸುವುದರಲ್ಲಿ ಅಳೆಯುತ್ತಾರೋ ಅದೂ ಗೊತ್ತಿಲ್ಲ. ಅವರನ್ನು ಮಗಳ ಮನೆಯಿಂದ ಎಬ್ಬಿಸಿ ತಂದು ಒಂಟಿಯಾಗಿ ಕೂರಿಸಿದ್ದು ನಮ್ಮ ಒಳ್ಳೆಯತನವೇ ಎಂಬುದು ಮಾತ್ರ ಗೊತ್ತು.

ಮೊದಲ ಸಲ ಅವರ ಫ್ಲಾಟಿಗೆ ಹೋದದ್ದು ಒಂದು ಉರಿಬಿಸಿಲಿನಲ್ಲಿ. ಐರಿನ್‌ಗೆ ಜ್ವರ, ನಾನೊಬ್ಬನೇ ಎರಡು ಬಸ್ಸು ಹತ್ತಿ ಹೋದೆ. ಬೆಲ್ ಒತ್ತಿದೆ. ಗಿರಿಜಕ್ಕ ಬಾಗಿಲು ತೆರೆದು, ಬನ್ನಿ ಬನ್ನಿ ಎಂದು ಕುರ್ಚಿ ತೋರಿಸಿದರು, ಫ್ಯಾನು ಹಾಕಿದರು, ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಹಿಡಿದರು. ಬಿಸಿಲಲ್ಲಿ ಬಂದ ನೆಂಟರಿಗೆ ನಮ್ಮಲ್ಲಿ ಹಾಗೆ ಕೊಡುವುದು ಪದ್ಧತಿ. ಪರವೂರಿನವರಿಗೆ, ಬೀಗರಿಗೆ, ಆಮಂತ್ರಣ ಕೊಡಲು ಬಂದವರಿಗೆ ಕೊಡುತ್ತಾರೆ. ಅಡುಗೆಮನೆಯ ಬಾಗಿಲಿನಿಂದ ನುಗ್ಗುವ ನೆರೆಯವರಿಗೆ ಯಾರೂ ಕೊಡುವುದಿಲ್ಲ. ಅಷ್ಟು ವರ್ಷದಲ್ಲಿ ಅವರು ನನಗೆ ಒಂದು ದಿನವೂ ಬೆಲ್ಲ ನೀರು ಕೊಟ್ಟವರಲ್ಲ.

ನಾನು ತಟ್ಟೆ ನೋಡಿದೆ. ಅವರೂ ನೋಡಿದರು. ತಂಬಿಗೆಯ ನೀರು ತುಳುಕಿತು.

"ಛೆ, ಛೆ! ಎಂತ ಮಾಡಿದೆ ನಾನು!" ಎಂದು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. ಕಣ್ಣು ತುಂಬಿತ್ತು, ಗಂಟಲು ಮಾತ್ರ ಏರಿತು. "ನಿಮಗೆ ಎಂತಕ್ಕೆ ಬೆಲ್ಲ ನೀರು? ನೀವೆಂತ ನೆಂಟ್ರಾ? ಒಳಗೆ ಉಂಟು, ಬೇಕಾದ್ರೆ ಹೋಗಿ ತಕ್ಕೊಂಡು ತಿನ್ನಿ!"

ತಟ್ಟೆಯಲ್ಲಿದ್ದ ಬೆಲ್ಲವನ್ನು ಅವರು ತಾವೇ ಬಾಯಿಗೆ ಹಾಕಿಕೊಂಡು ಮುಖ ತಿರುಗಿಸಿ ಕೂತರು. ನಾನು ಎದ್ದು ಒಳಗೆ ಹೋದೆ. ಹಳೆಯ ಮನೆಯಲ್ಲಾದರೆ ಕರೆಂಟು ಹೋದಾಗಲೂ ಕೈಚಾಚಿ ಬೆಲ್ಲದ ಡಬ್ಬ ತೆಗೆಯುತ್ತಿದ್ದೆ. ಇಲ್ಲಿ ಸಾಲಾಗಿ ಬಾಗಿಲು ಮುಚ್ಚಿದ ಬಿಳಿಯ ಕಪಾಟುಗಳು. ಒಂದು ತೆರೆದೆ, ಲೋಟಗಳಿದ್ದವು. ಇನ್ನೊಂದು ತೆರೆದೆ, ಖಾಲಿ. ಹೊರಗೆ ಕೇಳುವಷ್ಟು ಗಟ್ಟಿಯಾಗಿ ಕೇಳಿದೆ:

"ಗಿರಿಜಕ್ಕ, ಬೆಲ್ಲ ಎಲ್ಲಿಟ್ಟಿದ್ದೀರಿ?"