ಪೆಡಲನ್ನು ಬಿಡದ ಶೂ

ತಮ್ಮನ ಮಗಳು ಚಾಮರಾಜಪೇಟೆಯ ಮನೆಯ ಗೇಟಿನೊಳಗೆ ಸೈಕಲ್ ತಳ್ಳಿಕೊಂಡು ಬಂದಾಗ ಅವಳ ಎಡಗಾಲಿನ ಬಿಳಿ ಕ್ಯಾನ್ವಾಸ್ ಶೂ ಪೂರ್ತಿ ಕೆಂಪಾಗಿತ್ತು. ಮೊಣಕಾಲಿನ ಕೆಳಗೆ, ಮೂಳೆಯ ಉದ್ದಕ್ಕೂ, ಚರ್ಮ ಬಾಯಿ ಬಿಟ್ಟಿತ್ತು. ಕನಕಪುರ ರಸ್ತೆಯಾಚೆಯ ಬಂಡೆಗುಡ್ಡ ಇಳಿಯುವಾಗ ಶೂ ಪೆಡಲಿನಿಂದ ಜಾರಿ, ಗಿರ್ರನೆ ತಿರುಗಿದ ಪೆಡಲಿನ ಮೇಲೆ ಹಿಡಿತಕ್ಕೆಂದು ಇರುವ ಚೂಪು ಮೊಳೆಗಳು ಕಾಲನ್ನು ಉತ್ತುಬಿಟ್ಟಿದ್ದವು.

ನನ್ನ ತಮ್ಮ ಮೊದಲು ಅವಳ ಕೆನ್ನೆಗೆ ಬಾರಿಸಿದ, ಆಮೇಲೆ ಆಟೋ ಕರೆದ. ಅವನ ಪ್ರೀತಿ ಯಾವಾಗಲೂ ಆ ಆರ್ಡರಿನಲ್ಲೇ ಬರುತ್ತಿತ್ತು.

"ಇನ್ನೊಂದ್ಸಲ ಆ ಸೈಕಲ್ ಮುಟ್ಟು, ಇನ್ನೊಂದು ಕಾಲು ನಾನೇ ಮುರೀತೀನಿ."

"ಮುರಿ ಅಪ್ಪ. ಒಂದ್ಕಾಲಲ್ಲೇ ತುಳೀತೀನಿ."

ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಮೌಂಟನ್ ಬೈಕಿಂಗ್ ಎಂದರೆ ಏನೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಾಲೇಜು ಹುಡುಗರ ಒಂದು ತಂಡ, ಅದರಲ್ಲಿ ಇವಳೊಬ್ಬಳೇ ಹುಡುಗಿ. ದಸರಾ ಮುಗಿದ ಭಾನುವಾರ ಅದೇ ಗುಡ್ಡದಲ್ಲಿ ಅವರ ರೇಸ್ ಇತ್ತು. ಆ ದಿನ ಹೋಗದಿದ್ದರೆ ಅಪ್ಪ ಇನ್ನು ಯಾವತ್ತೂ ಹೋಗಲು ಬಿಡುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊಲಿಗೆ ಹಾಕಿಸಿಕೊಂಡು ಬಂದವಳು ನನ್ನ ಪಕ್ಕ ಕೂತು, "ಜಾರಿದ್ದು ನಾನಲ್ಲ ಅತ್ತೆ, ಶೂ. ನನಗೊಂದು ಸರಿಯಾದ ಶೂ ಕೊಡ್ಸಿ" ಎಂದಳು.

ಗಾಂಧಿ ಬಜಾರಿನ ಅಂಗಡಿಗೆ ಕರೆದುಕೊಂಡು ಹೋದೆ. ಶೂ ಬಗ್ಗೆ ನನಗಿದ್ದ ಜ್ಞಾನವೆಲ್ಲ ಕಾನ್ವೆಂಟಿನದು. ಪಾಲಿಶ್ ಹೊಳೆಯುತ್ತಿದೆಯೇ, ಸಾಕ್ಸ್ ಮಡಿಸಿದೆಯೇ, ಅಷ್ಟನ್ನೇ ಸಿಸ್ಟರ್ ನೋಡುತ್ತಿದ್ದರು. ಶೂವಿನ ಅಡಿಯನ್ನು ತಿರುಗಿಸಿ ನೋಡಿದ ನೆನಪು ನನಗಿಲ್ಲ. ಮೆತ್ತನೆಯ, ನೀಲಿ ಗೆರೆಯ ಒಂದು ಜೊತೆ ತೋರಿಸಿ, "ಹೌ ಸ್ವೀಟ್, ಇದನ್ನೇ ತಗೋ" ಎಂದೆ.

ಅವಳು ಚೀಲದಿಂದ ನ್ಯೂಸ್‌ಪೇಪರಿನಲ್ಲಿ ಸುತ್ತಿದ್ದ ಪೆಡಲನ್ನೇ ಹೊರತೆಗೆದಳು! ಅದರ ಮೊಳೆಗಳ ಮೇಲೆ ಶೂವಿನ ಅಡಿಯನ್ನು ಒತ್ತಿ ತಿರುಚಿದಳು.

"ಇದು ಓಡೋರ ಶೂ ಅತ್ತೆ. ಸ್ಪಂಜು. ತುಳಿದ್ರೆ ನಡುವೆ ಬಗ್ಗತ್ತೆ." ಇನ್ನೊಂದನ್ನು ಎತ್ತಿದಳು. "ಇದರ ಅಡೀಲಿ ದೊಡ್ಡ ದೊಡ್ಡ ಹಳ್ಳ. ಮೊಳೆಗೆ ಹಿಡ್ಕೊಳ್ಳಕ್ಕೆ ಏನೂ ಸಿಗಲ್ಲ."

ಅಂಗಡಿಯವನು ಓಡಿಬಂದ. "ಏನಮ್ಮ ಇದು? ತೂತು ಬಿದ್ದಿರೋ ಮಾಲು ಯಾರಿಗೆ ಮಾರ್ಲಿ ನಾನು?"

"ಇಲ್ಲಿ ನೋಡಿ, ನಿಮ್ಮಂಥೋರು ಮಾರಿದ್ದು ಹಾಕ್ಕೊಂಡು ನನಗೆ ತೂತು ಬಿದ್ದಿದೆ" ಎಂದು ಪ್ಯಾಂಟ್ ಮೇಲೆತ್ತಿ ಬ್ಯಾಂಡೇಜ್ ತೋರಿಸಿದಳು.

ಅವನು ಪೆಡಲಿಗೆ ಕೈ ಹಾಕಿ ಎಳೆದ. ಇವಳು ಬಿಡಲಿಲ್ಲ. ಎಳೆದಾಟದಲ್ಲಿ ಮೊಳೆ ಅವನ ಅಂಗೈಯನ್ನು ಸೀಳಿತು. ಬಿಳಿ ಡಬ್ಬಗಳ ಮೇಲೆ ರಕ್ತ ಚಿಮ್ಮಿತು. ನಾನು "ಸಾರಿ, ವೆರಿ ಸಾರಿ" ಎನ್ನುತ್ತಾ ಕರ್ಚೀಫ್ ಚಾಚಿದರೆ ಅವನು ಅದನ್ನು ಕಿತ್ತೆಸೆದು, ಪೆಡಲನ್ನು ನಡುಬೀದಿಗೆ ಬೀಸಿದ. ಹೂವಿನವಳ ಬುಟ್ಟಿಗೆ ಬಡಿದು ಬಿತ್ತು. ಅವಳು ಬೇರೆ ಬೈದಳು.

ಅಷ್ಟಾದರೂ ಹುಡುಗಿ ಮನೆಗೆ ಹೋಗೋಣ ಎನ್ನಲಿಲ್ಲ, ಪೆಡಲನ್ನು ಎತ್ತಿಕೊಂಡು ಮುಂದೆ ನಡೆದಳು. ಎಕ್ಸ್‌ಪೋರ್ಟ್ ಆಗದೆ ಉಳಿದ ಮಾಲು ಮಾರುವ ಒಂದು ಸಣ್ಣ ಅಂಗಡಿಯಲ್ಲಿ ಅದು ಸಿಕ್ಕಿತು. ಕಪ್ಪು ಬಣ್ಣ, ನೋಡಲು ಒರಟು, ಕಾಲಿನ ಗಂಟು ಮುಚ್ಚುವಷ್ಟು ಎತ್ತರ. ಕಲ್ಲಿಗೆ ಬಡಿದರೂ ಬೆರಳು ಉಳಿಯುವಂತೆ ತುದಿ ಗಟ್ಟಿ. ಅಡಿ ಮಾತ್ರ ಚಪ್ಪಟೆ, ದಪ್ಪ ರಬ್ಬರ್. ಪೆಡಲಿನ ಮೇಲೆ ಒತ್ತಿ ಎರಡೂ ಕೈಯಲ್ಲಿ ಎಳೆದಳು. ಕಚ್ಚಿಕೊಂಡದ್ದು ಬಿಡಲಿಲ್ಲ. ಲೇಸ್ ಉದ್ದವಾಯಿತೆಂದು ಅಲ್ಲೇ ಕತ್ತರಿಸಿದಳು. ಚೈನಿಗೆ ಸಿಕ್ಕಿದರೆ ಕಾಲನ್ನೇ ಒಳಗೆಳೆಯುತ್ತದಂತೆ.

ಆಯುಧಪೂಜೆಯ ಬೆಳಿಗ್ಗೆ ನಾನೂ ತಮ್ಮನ ಮನೆಯಲ್ಲಿದ್ದೆ. ಪೋರ್ಟಿಕೋದಲ್ಲಿ ಸ್ಕೂಟರಿಗೆ ಬಾಳೆಕಂದು ಕಟ್ಟಿ, ಚೆಂಡುಹೂವು ಏರಿಸಿದ್ದರು. ಪಕ್ಕದಲ್ಲಿ ಅವಳ ಸೈಕಲ್. ತಮ್ಮ ಮಂಗಳಾರತಿ ತಟ್ಟೆ ಹಿಡಿದು ಬಂದವನು ನಿಂತುಬಿಟ್ಟ. ಎರಡು ಪೆಡಲಿನ ಮೇಲೂ ಒಂದೊಂದು ಶೂ. ಎರಡಕ್ಕೂ ಕುಂಕುಮ, ಒಂದೊಂದು ಸೇವಂತಿಗೆ.

"ಏನೇ ಇದು?"

"ಆಯುಧ."

"ಮೆಟ್ಟಿಗೆ ಪೂಜೇನಾ? ದೇವರ ಆರತೀನಾ?"

"ನಿನ್ನ ಸ್ಕೂಟರ್ ಚಕ್ರ ಬೀದಿ ಸಗಣಿಯೆಲ್ಲ ತುಳ್ಕೊಂಡು ಬರತ್ತೆ, ಅದಕ್ಕಿಲ್ವಾ? ಇದಿನ್ನೂ ನೆಲಾನೇ ಮುಟ್ಟಿಲ್ಲಪ್ಪ."

ತಟ್ಟೆ ಬಿತ್ತು. ಉರಿಯುವ ಕರ್ಪೂರ ಸ್ಕೂಟರಿನಡಿಗೆ ಉರುಳಿತು. ತಮ್ಮನ ಹೆಂಡತಿ ಚೀರುತ್ತಾ ಬಕೆಟ್ ನೀರು ಸುರಿದಳು. ಅಷ್ಟರಲ್ಲಿ ಅವನು ಶೂ ಎತ್ತಿ ಮಗಳ ಮುಖಕ್ಕೆ ಹೊಡೆದಿದ್ದ.

ನಮ್ಮ ಮನೆಗಳಲ್ಲಿ "ಮೆಟ್ಟಲ್ಲಿ ಹೊಡೀತೀನಿ" ಎನ್ನುವುದು ದಿನಕ್ಕೊಮ್ಮೆಯಾದರೂ ಕೇಳುವ ಮಾತು. ಹೊಡೆದವರನ್ನು ನಾನು ಕಂಡಿರಲಿಲ್ಲ. ಕೈಯಲ್ಲಿ ಹೊಡೆದರೆ ಸಂಜೆಗೆ ಮರೆಯಬಹುದು, ಬೆಲ್ಟಿನದನ್ನು ಕೂಡ. ಇದನ್ನು ಯಾರೂ ಮರೆಯುವುದಿಲ್ಲ, ಅವನಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಮತ್ತೊಮ್ಮೆ ಹೊಡೆದ. ದಪ್ಪ ರಬ್ಬರು ಮೂಗಿಗೆ ಬಿತ್ತು, ಮೂಳೆಯ ಶಬ್ದ ನನಗೆ ಕೇಳಿಸಿತು.

"ಸ್ಟಾಪ್ ಇಟ್! ಅವಳನ್ನ ಬಿಡೋ ರಾಕ್ಷಸ!" ಎಂದು ಅವನ ತೋಳಿಗೆ ಜೋತುಬಿದ್ದೆ. ಮೊಣಕೈ ಬಡಿದು ನನ್ನ ಕನ್ನಡಕ ಚೂರಾಯಿತು.

"ನೀನು ಮಧ್ಯ ಬರ್ಬೇಡ ಅಕ್ಕಾ! ನೀನೇ ಕೊಡ್ಸಿದ್ದಲ್ವಾ ಇದನ್ನ?" ಎಂದು ಸೈಕಲ್ಲನ್ನು ಒದ್ದ. ಅದು ನನ್ನ ಕಾಲಿನ ಮೇಲೆಯೇ ಬಿತ್ತು.

ಹುಡುಗಿ ಅಳಲಿಲ್ಲ. ಮೂಗಿನಿಂದ ಇಳಿಯುವುದನ್ನು ತೋಳಿನಲ್ಲಿ ಒರೆಸಿಕೊಂಡು, ಅವನ ಕೈಯಿಂದ ಶೂ ತೆಗೆದುಕೊಂಡಳು. ಅವನು ಬಿಟ್ಟುಬಿಟ್ಟ. ಮೆಟ್ಟಿಲ ಮೇಲೆ ಕೂತು ಎರಡನ್ನೂ ಹಾಕಿಕೊಂಡು, ಲೇಸ್ ಬಿಗಿದು, ಸೈಕಲ್ ಎತ್ತಿ ನಿಲ್ಲಿಸಿದಳು.

"ಅತ್ತೆ, ಬಸವನಗುಡೀಲಿ ನಿಮ್ಮನೇಲಿ ಇದನ್ನ ಇಡಕ್ಕೆ ಜಾಗ ಇದ್ಯಾ?"

"ಇದೆ, ಮೈ ಚೈಲ್ಡ್. ನಡಿ."

ಭಾನುವಾರ ಊದಿದ ಮುಖದಲ್ಲೇ ಗುಡ್ಡ ಹತ್ತಿದಳು. ನಾನು ಕೆಳಗೆ ಟ್ಯಾಕ್ಸಿಯ ಪಕ್ಕ ನಿಂತು ನೋಡಿದೆ. ಬಂಡೆಗಳ ಮೇಲೆ ಧಡಧಡ ಇಳಿಯುವಾಗ ಕಾಲು ಪೆಡಲು ಬಿಡಲೇ ಇಲ್ಲ. ಗೆದ್ದಳೇ ಎಂದು ಕೇಳಿದರೆ, ಇಲ್ಲ. ಕೊನೆಯವರಲ್ಲಿ ಒಬ್ಬಳಾಗಿ, ಕೆಮ್ಮುತ್ತಾ, ನಗುತ್ತಾ ಬಂದಳು.

ದೀಪಾವಳಿಗೆ ಮೊದಲು ತಮ್ಮ ನನ್ನ ಗೇಟಿನ ಬಳಿ ಬಂದು ನಿಂತ. "ಬರಕ್ಕೆ ಹೇಳು ಅಕ್ಕ."

ಅಂಗಳದಲ್ಲಿ ಸೈಕಲ್ ತೊಳೆಯುತ್ತಿದ್ದವಳು ತಲೆ ಎತ್ತಲಿಲ್ಲ. "ಯಾಕೆ ಕರೀತಿದಾರೆ ಕೇಳಿ ಅತ್ತೆ. ಹಬ್ಬ ಅಂತಾನಾ, ತಪ್ಪಾಯ್ತು ಅಂತಾನಾ?"

ಅವನು ಬಾಯಿ ತೆರೆದ. ನಾನು ಕಾದೆ. ಆ ಕ್ಷಣದಲ್ಲಿ ಅವನು ಅದನ್ನು ಹೇಳಲಿ ಎಂದು ಎಷ್ಟು ಆಸೆಪಟ್ಟೆ ಎಂಬುದು ನನಗೊಬ್ಬಳಿಗೇ ಗೊತ್ತು.

"ಹಬ್ಬ ಅಲ್ವಾ" ಎಂದ.

ಅವಳು ಬ್ರಶ್ ನೀರಿಗದ್ದಿ ಚೈನ್ ತಿಕ್ಕತೊಡಗಿದಳು. ಅವನು ನಾನು ಕೊಟ್ಟ ಕಾಫಿಯನ್ನು ಗೇಟಿನಲ್ಲೇ ನಿಂತು ಕುಡಿದು, ಲೋಟ ನನ್ನ ಕೈಗಿಟ್ಟು ಹೋದ. ಆ ದೀಪಾವಳಿಯನ್ನು ಅವಳು ನನ್ನ ಮನೆಯಲ್ಲೇ ಮಾಡಿದಳು. ಆಮೇಲಿನವನ್ನೂ.